ಕಾದಂಬರಿಯ ಕರಡು: ಹಾಸಿಗೆ ಹಿಡಿದ ಹೆಂಡತಿ, ಆರೈಕೆಗೆ ಗಂಡ. ವಿವರ ಎಲ್ಲಿ ತಪ್ಪುತ್ತಿದೆ?

ಮೂರನೇ_ಕರಡು:

ಎಲ್ಲರಿಗೂ ನಮಸ್ಕಾರ. ಕಾದಂಬರಿಯೊಂದರ ಮೂರನೇ ಕರಡು ಮುಗಿದಿದೆ, 240 ಪುಟ. ಓದಿದ ಇಬ್ಬರೂ ಒಂದೇ ಮಾತು ಹೇಳಿದರು: "ಅಳು ಬರುತ್ತೆ, ನಂಬಿಕೆ ಬರಲ್ಲ." ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ, ಸ್ಮಾರ್ತರ ಮನೆ. ಗಂಡನಿಗೆ 74, ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತ. ಹೆಂಡತಿಗೆ 69. ಮದುವೆಯಾಗಿದ್ದು 1970ರಲ್ಲಿ. ಮಗ ಹೊರದೇಶದಲ್ಲಿ, ಮನೆಯಲ್ಲಿ ಇವರಿಬ್ಬರೇ. ಆಕೆಗೆ ಆರು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು, ಈಗ ಬೆನ್ನುಮೂಳೆಗೆ ಹರಡಿದೆ. ಕಥೆ 2016ರ ಜೂನ್‌ನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ಆಕೆಯ ಸಾವಿನೊಂದಿಗೆ ಮುಗಿಯುತ್ತೆ. 2016 ಅಂತ ಇಟ್ಟಿದ್ದಕ್ಕೆ ವಿಶೇಷ ಕಾರಣ ಇಲ್ಲ, ಬೇಕಾದರೆ ಬದಲಾಯಿಸಬಹುದು.

ನನಗೇ ಅನುಮಾನ ಇರುವ ಜಾಗಗಳು: ಡಾಕ್ಟರು ಮಾರ್ಫಿನ್ ಇಂಜೆಕ್ಷನ್ ಕೊಟ್ಟ ರಾತ್ರಿಯೇ ಆಕೆ ಶಾಂತವಾಗಿ ಹೋಗುತ್ತಾಳೆ. ಅದಕ್ಕೆ ಮೊದಲು ಮೂರು ದಿನ ಗಂಡನ ಗುರುತು ಸಿಕ್ಕಿರುವುದಿಲ್ಲ. ಕೊನೆಯಲ್ಲಿ ಆತ ಚಮಚದಲ್ಲಿ ಗಂಜಿ ಕುಡಿಸುತ್ತಾನೆ, ಆಕೆ "ನಾನು ನಿಮ್ಮನ್ನು ತುಂಬಾ ಪ್ರೀತಿಸ್ತೀನಿ" ಅಂತ ಹೇಳಿ ಕಣ್ಣು ಮುಚ್ಚುತ್ತಾಳೆ. ಇದರಲ್ಲಿ ಯಾವುದು ಉಳಿಯಬಹುದು, ಯಾವುದು ಹೋಗಬೇಕು?

ಉಪಶಮನ_ದಾದಿ:

ಮೊದಲು ಆ ಇಂಜೆಕ್ಷನ್ ತೆಗೆಯಿರಿ. ಅದನ್ನು ಓದಿದ ಯಾವುದೋ ಮನೆಯವರು ನಾಳೆ ತಮ್ಮ ರೋಗಿಗೆ ಮಾರ್ಫಿನ್ ಬೇಡ ಅಂತಾರೆ. ಸರಿಯಾದ ಪ್ರಮಾಣದಲ್ಲಿ ನಿಧಾನವಾಗಿ ಏರಿಸಿಕೊಂಡು ಹೋದ ಮಾರ್ಫಿನ್ ಸಾವನ್ನು ಹತ್ತಿರ ತರಲ್ಲ. ಮೂಳೆಯ ನೋವಿಗೆ ಅದು ತಿಂಗಳುಗಟ್ಟಲೆ ನಡೆಯುವ ಔಷಧಿ, ಅದೂ ಬಾಯಲ್ಲಿ ನುಂಗುವ ಗುಳಿಗೆ.

ನಡೆಯುವ ಕ್ರಮ ಹೀಗೆ. 10 ಮಿ.ಗ್ರಾಂ. ಗುಳಿಗೆ. ವಯಸ್ಸಾದವರಿಗೆ ಸಾಮಾನ್ಯವಾಗಿ ಅರ್ಧದಿಂದ ಶುರು. ಅದರ ಪ್ರಭಾವ ನಾಲ್ಕು ಗಂಟೆ, ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮಧ್ಯರಾತ್ರಿ 2ಕ್ಕೆ ಎಬ್ಬಿಸಬಾರದು ಅಂತ ರಾತ್ರಿ 10ರದ್ದನ್ನು ಎರಡು ಪಟ್ಟು ಕೊಡುತ್ತಾರೆ. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ನಡುವೆ ನೋವು ಒದ್ದುಕೊಂಡು ಬಂದರೆ ದಿನದ ಒಟ್ಟು ಪ್ರಮಾಣದ ಆರರಲ್ಲಿ ಒಂದು ಭಾಗ ಹೆಚ್ಚುವರಿ. ದಿನಕ್ಕೆ 60 ಮಿ.ಗ್ರಾಂ. ಹೋಗುತ್ತಿದ್ದರೆ ಆ ಹೆಚ್ಚುವರಿ 10. ಮೊದಲ ಮೂರು ನಾಲ್ಕು ದಿನ ಮಂಪರು, ಕೆಲವರಿಗೆ ವಾಂತಿ. ಇವೆರಡೂ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಬಿಡಲ್ಲ. ಮಾರ್ಫಿನ್ ಜೊತೆ ಭೇದಿ ಗುಳಿಗೆ ಬರೆಯದ ಡಾಕ್ಟರ್ ನಿಮ್ಮ ಕಾದಂಬರಿಯಲ್ಲಿದ್ದರೆ ಅವರು ಅನುಭವವಿಲ್ಲದವರು ಅಂತಲೇ ಅರ್ಥ. ಹೊಟ್ಟೆ ಕಟ್ಟಿ ನಾಲ್ಕನೇ ದಿನಕ್ಕೆ ಗಂಡ ಎನಿಮಾ ಕೊಡಬೇಕಾಗುತ್ತೆ. 46 ವರ್ಷದ ದಾಂಪತ್ಯದಲ್ಲಿ ಇಬ್ಬರೂ ಅದಕ್ಕೆ ಸಿದ್ಧರಾಗಿರುವುದಿಲ್ಲ. ನಿಮ್ಮ ಚಮಚದ ಗಂಜಿಗಿಂತ ಅದು ದೊಡ್ಡ ದೃಶ್ಯ.

ಈ ಗುಳಿಗೆ ಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಸಿಗಲ್ಲ. 1985ರ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಹಾದಿ ಸ್ವಲ್ಪ ಸಲೀಸಾಯಿತು. ಆದರೂ ಮಾನ್ಯತೆ ಪಡೆದ ಆಸ್ಪತ್ರೆಯಿಂದಲೇ ತರಬೇಕು. ನಿಮ್ಮವರಿಗೆ ಅದು ಘಟ್ಟ ಇಳಿದು ಮಣಿಪಾಲ ಅಂತ ಇಟ್ಟುಕೊಳ್ಳಿ. ಬೆನ್ನುಮೂಳೆಗೆ ಹರಡಿದವರನ್ನು ಕಾರಿನಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಸುವುದು ಅಂದರೆ ಒಂದೊಂದು ತಿರುವೂ ಒಂದೊಂದು ಪೆಟ್ಟು. ಮನೆ ಬಿಡುವಾಗಲೇ ಹೆಚ್ಚುವರಿ ಗುಳಿಗೆ ಕೊಟ್ಟರೆ ಆಗುಂಬೆ ದಾಟುವ ಹೊತ್ತಿಗೆ ಅದು ಕೆಲಸ ಶುರುಮಾಡಿರುತ್ತೆ. ಇದು ಮೊದಲ ಸಲ ಹೋಗುವಾಗ ಗಂಡನಿಗೆ ಗೊತ್ತಿರಲ್ಲ. ಎರಡನೇ ಸಲ ಗೊತ್ತಿರುತ್ತೆ. ಆ ವ್ಯತ್ಯಾಸದಲ್ಲೇ ನಿಮ್ಮ ಒಂದು ಅಧ್ಯಾಯ ಇದೆ.

ಗುರುತು ಸಿಗದ ಮೂರು ದಿನ ಇಟ್ಟುಕೊಳ್ಳಿ, ಆದರೆ ಕೊನೆಯಲ್ಲಿ ಬೇಡ, ಆಗಸ್ಟಿಗೆ ತನ್ನಿ. ಮೂಳೆಗೆ ಹರಡಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಂಕು, ಆಮೇಲೆ ಅಸಂಬದ್ಧ ಮಾತು. ಮನೆಯವರು ಮಾರ್ಫಿನ್‌ನಿಂದಲೇ ಹೀಗಾಯ್ತು ಅಂದುಕೊಂಡು ಗುಳಿಗೆ ನಿಲ್ಲಿಸುತ್ತಾರೆ, ಆಗ ನೋವೂ ಸೇರಿಕೊಳ್ಳುತ್ತೆ. ಆಸ್ಪತ್ರೆಯಲ್ಲಿ ಡ್ರಿಪ್ ಏರಿಸಿ, ಕ್ಯಾಲ್ಸಿಯಂ ಇಳಿಸುವ ಝೋಲೆಡ್ರೋನಿಕ್ ಆಸಿಡ್ 4 ಮಿ.ಗ್ರಾಂ. ಹದಿನೈದು ನಿಮಿಷ ಅಥವಾ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಕೊಟ್ಟರೆ ಎರಡರಿಂದ ನಾಲ್ಕು ದಿನದಲ್ಲಿ ಇಳಿಯುತ್ತೆ. ಆಕೆ ಮರಳಿ ಬರುತ್ತಾಳೆ, ಗಂಡನನ್ನು ನೋಡಿ "ಶೇವ್ ಮಾಡಿಲ್ವಾ?" ಅಂತ ಕೇಳುತ್ತಾಳೆ. ಒಮ್ಮೆ ಕಳೆದುಕೊಂಡು ಮತ್ತೆ ಸಿಕ್ಕಮೇಲೆ ಉಳಿದ ಎರಡು ತಿಂಗಳ ಬೆಲೆಯೇ ಬೇರೆ.

ಕೊನೆಯ ಗಂಜಿಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಅದು ದೊಡ್ಡದು.

ಪ್ರೂಫ್_ತಿದ್ದುವವ:

"ನಾನು ನಿಮ್ಮನ್ನು ತುಂಬಾ ಪ್ರೀತಿಸ್ತೀನಿ" — 1947ರಲ್ಲಿ ಹುಟ್ಟಿದ ತೀರ್ಥಹಳ್ಳಿ ಕಡೆಯ ಹೆಂಗಸಿನ ಬಾಯಲ್ಲಿ ಈ ವಾಕ್ಯ ಬರಲ್ಲ ಸ್ವಾಮಿ. ಆ ಕ್ರಿಯಾಪದವನ್ನು ಆಕೆ ಬದುಕಿಡೀ ಬಳಸಿರುವುದು ಧಾರಾವಾಹಿ ನೋಡಿ ನಗುವಾಗ ಮಾತ್ರ. ಓದುಗರಿಗೆ ನಂಬಿಕೆ ಬರದಿರುವುದು ಇಲ್ಲೇ.

ಆ ತಲೆಮಾರಿನ ದಾಂಪತ್ಯದಲ್ಲಿ ಎಲ್ಲ ಇರುವುದು ಸಂಬೋಧನೆಯಲ್ಲಿ. ಆಕೆ ಗಂಡನ ಹೆಸರು ಹೇಳಲ್ಲ. ಎದುರಿಗೆ "ರೀ", "ಇಲ್ಕೇಳಿ". ಬೇರೆಯವರ ಹತ್ತಿರ "ಇವರು". ಆಸ್ಪತ್ರೆಯಲ್ಲಿ ಫಾರಂ ತುಂಬುವ ಹುಡುಗಿ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿರುವ ಆತನ ಕಡೆ ಕೈ ತೋರಿಸುತ್ತಾಳೆ. ಆತ ಏಕವಚನ, "ಏ", "ಇವಳೇ", ಸಿಟ್ಟು ಬಂದಾಗಲೂ ಮುದ್ದು ಬಂದಾಗಲೂ "ಮಾರಾಯ್ತಿ". ಕೊನೆಯಲ್ಲಿ ಆಕೆ ಒಮ್ಮೆ "ನೀನು" ಅಂದುಬಿಡಲಿ ಅಂತ ನಿಮಗೆ ಆಸೆ ಹುಟ್ಟಬಹುದು. ಬೇಡ, ಅದು ಲೇಖಕನ ಬೆರಳಿನ ಗುರುತು. ಬೇಕಾದರೆ ಕ್ಯಾಲ್ಸಿಯಂ ಏರಿ ಗುರುತು ತಪ್ಪಿದ ಆ ಮೂರು ದಿನದಲ್ಲಿ ಆತನನ್ನು ತಮ್ಮ ಅಂದುಕೊಂಡು ಏಕವಚನದಲ್ಲಿ ಮಾತಾಡಲಿ. ಆಮೇಲೆ ಅದನ್ನು ಆಕೆಗೆ ಹೇಳಬೇಕೋ ಬೇಡವೋ ಅಂತ ಆತ ಒದ್ದಾಡಲಿ.

ಕೊನೆಯ ಮಾತು ಹೀಗಿದ್ದರೆ ಸಾಕು:

"ಚಿಲಕ ಹಾಕಿದ್ರಾ?"
"ಹಾಕಿದೆ."
"ಹಿತ್ತಲಿಂದು?"
"ಅದನ್ನೂ ಹಾಕಿದೆ ಮಾರಾಯ್ತಿ, ಮಲ್ಕೋ."

ಇದು ಸಾಯುವ ದಿನದ ಮಾತಾಗಬಾರದು. ಎರಡು ದಿನ ಮೊದಲಿನದು. ಅದೇ ಕೊನೆ ಅಂತ ಆಗ ಇಬ್ಬರಿಗೂ ಗೊತ್ತಿರಲ್ಲ.

ಇನ್ನು ಜಗಳ. 240 ಪುಟದಲ್ಲಿ ಒಂದಾದರೂ ಜಗಳ ಇದೆಯಾ? ಹಾಸಿಗೆ ಹಿಡಿದ ಮೇಲೂ ಆಕೆ ಅಡುಗೆಮನೆಯ ಸದ್ದು ಕೇಳುತ್ತಲೇ ಇರುತ್ತಾಳೆ. ಒಗ್ಗರಣೆ ಸೀದ ವಾಸನೆಗೆ ಒಳಗಿಂದಲೇ ಬಯ್ಯುತ್ತಾಳೆ. ಆತನೂ ತಿರುಗಿ ಬಯ್ಯಬೇಕು. ರೋಗಿ ಅಂತ ಬಯ್ಯುವುದನ್ನು ಬಿಟ್ಟ ದಿನವೇ ಆಕೆಗೆ ತನ್ನ ಸ್ಥಿತಿ ಗೊತ್ತಾಗಿಬಿಡುತ್ತೆ. ಸದ್ಯ ಬಯ್ತಿದಾರಲ್ಲ, ಇನ್ನೂ ಸ್ವಲ್ಪ ದಿನ ಇದೆ ಅನ್ನುವ ಧೈರ್ಯ ಅದು.

ಮತ್ತೆ, ಸಾವು ಯಾವ ಪುಟದಲ್ಲಿದೆ?

ಮೂರನೇ_ಕರಡು:

ಸಾವು 232ರಲ್ಲಿ. ಜಗಳ ಇಲ್ಲ, ಒಪ್ಪಿದೆ. ದಾದಿಯವರೇ, ಗಂಜಿ ವಿಷಯ ಕಾಯುತ್ತಿದ್ದೇನೆ. ಇನ್ನೆರಡು ಕೇಳಲೇ? ಮಲೆನಾಡಿನ ಮಳೆಗಾಲ ಇಡೀ ಕಥೆಯಲ್ಲಿ ಬರೀ ಹಿನ್ನೆಲೆಯಾಗಿ ಸುರಿಯುತ್ತಿದೆ, ಅದಕ್ಕೊಂದು ಕೆಲಸ ಕೊಡಬಹುದಾ? 74ರ ಮನುಷ್ಯ ಒಬ್ಬನೇ ಆಕೆಯನ್ನು ಹೇಗೆ ಮಗ್ಗುಲು ಬದಲಿಸುತ್ತಾನೆ?

ಉಪಶಮನ_ದಾದಿ:

ಮಳೆಗೆ ಬೇಕಾದಷ್ಟು ಕೆಲಸ ಇದೆ.

ಒಂದು, ಗುಳಿಗೆಯ ಲೆಕ್ಕ. ಅರ್ಧದಿಂದ ಪೂರ್ತಿ ಗುಳಿಗೆಗೆ ಏರಿದ ಮೇಲೆ ಹದಿನಾಲ್ಕು ದಿನಕ್ಕೆ ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ದಿನಕ್ಕೆ ಆರರಂತೆ 84, ಹೆಚ್ಚುವರಿಗೆ ಅಂತ 16, ಒಟ್ಟು 100. ನಿಮ್ಮ ನಾಯಕ ಪೋಸ್ಟ್ ಆಫೀಸಿನವನು, ಲೆಕ್ಕ ಬರೆಯದೆ ಇರುವವನಲ್ಲ. ಹಳೆ ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಗೆರೆ ಎಳೆದು ತಾರೀಕು, ಹೊತ್ತು, ಕೊಟ್ಟಿದ್ದು, ಉಳಿಕೆ. 6-00, 1, ಉಳಿಕೆ 99. ರಾತ್ರಿ 10ಕ್ಕೆ 2. ಆಕೆ ಮಧ್ಯೆ ಒಂದು ಕೇಳಿದರೆ ಅದಕ್ಕೆ ಕೆಂಪು ಶಾಯಿ. ಆ ಕೆಂಪು ಒಂದೂ ಸೇರಿ ಮೊದಲ ದಿನದ ಕೊನೆಗೆ 93. ಆಸ್ಪತ್ರೆಯವರಿಗೂ ಆ ಪುಸ್ತಕ ಬೇಕು, ಕೆಂಪು ಎಷ್ಟಿದೆ ನೋಡಿಯೇ ಮುಂದಿನ ಪ್ರಮಾಣ ಏರಿಸುತ್ತಾರೆ. ಜುಲೈನಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್, ಪುಸ್ತಕದಲ್ಲಿ ಉಳಿಕೆ 9. ಮಾರ್ಫಿನ್ ಒಮ್ಮೆಗೇ ನಿಂತರೆ ನೋವಿನ ಜೊತೆ ಬೆವರು, ಚಡಪಡಿಕೆ, ಹೊಟ್ಟೆ ಹಿಡಿತ ಬರುತ್ತೆ. ಓದುಗ ಆ ಒಂದು ಅಂಕಿ ನೋಡಿಯೇ ಹೆದರುತ್ತಾನೆ, ನೀವು ವರ್ಣಿಸಬೇಕಾಗಿಲ್ಲ.

ಎರಡು, ಕರೆಂಟು. ಬೆಡ್ ಸೋರ್ ಆಗದಿರಲಿ ಅಂತ ಏರ್ ಬೆಡ್ ತಂದಿರುತ್ತಾರೆ. ಅದರ ಮೋಟಾರು ಕರೆಂಟಿನಲ್ಲಿ ಓಡುವುದು. ಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅಂದರೆ ಅದು ಗಾಳಿ ಇಳಿದು ಬರೀ ರಬ್ಬರ್ ಹಾಳೆ. ಆಗ ಎರಡು ಗಂಟೆಗೊಮ್ಮೆ ಕೈಯಿಂದಲೇ ಮಗ್ಗುಲು ಬದಲಿಸಬೇಕು.

ಒಬ್ಬನೇ ಮಾಡುವ ರೀತಿ: ಹಳೆ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಆಕೆಯ ಕೆಳಗೆ ಹಾಸಿರಬೇಕು. ಯಾವ ಕಡೆ ತಿರುಗಿಸಬೇಕೋ ಅದರ ಎದುರು ಬದಿಗೆ ಮೊದಲು ಸೀರೆ ಹಿಡಿದು ಎಳೆದುಕೊಳ್ಳಬೇಕು, ಇಲ್ಲದಿದ್ದರೆ ತಿರುಗಿದಾಗ ಮಂಚದ ಅಂಚಿಗೆ ಬಂದುಬಿಡುತ್ತಾರೆ. ಆಮೇಲೆ ತಿರುಗಿಸಬೇಕಾದ ಕಡೆಗೆ ಹೋಗಿ ನಿಂತು, ಸೀರೆಯ ದೂರದ ಅಂಚು ಹಿಡಿದು ಭುಜ, ಸೊಂಟ ಒಟ್ಟಿಗೆ ಒಂದೇ ಮರದ ದಿಮ್ಮಿ ಹೊರಳಿದ ಹಾಗೆ ತನ್ನ ಕಡೆ ತಿರುಗಿಸಬೇಕು. ಬೆನ್ನುಮೂಳೆಗೆ ಹರಡಿದವರನ್ನು ಭುಜ ಒಮ್ಮೆ, ಸೊಂಟ ಒಮ್ಮೆ ತಿರುಚುವ ಹಾಗಿಲ್ಲ. ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಪೂರ್ತಿ ಮಗ್ಗುಲಾಗುವುದು ಬೇಡ, ಮೂವತ್ತು ಡಿಗ್ರಿ ಓರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಿಸಿದ ಟವೆಲ್. ಮೊದಲು ಕೆಂಪಾಗುವುದು ಸೊಂಟದ ಕೆಳಗಿನ ಮೂಳೆ ಮತ್ತು ಹಿಮ್ಮಡಿ. ಬೆರಳಿಂದ ಒತ್ತಿ ಬಿಟ್ಟರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ ಅಂತಲೇ. ಅಲ್ಲಿ ತಿಕ್ಕಬಾರದು. ಪ್ರೀತಿಯಿಂದ ಎಣ್ಣೆ ಹಚ್ಚಿ ತಿಕ್ಕಿಯೇ ಎಷ್ಟೋ ಗಂಡಂದಿರು ಚರ್ಮ ಕಿತ್ತಿರುತ್ತಾರೆ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಕಾಲಿನ ಶಕ್ತಿ ಕುಗ್ಗಿ ಮೂತ್ರ ಕಟ್ಟಿತು ಅಂತ ಬರೆದರೆ ಅದು ಬೆನ್ನುಹುರಿ ಒತ್ತಿದ ತುರ್ತು ಸ್ಥಿತಿ. ಒಂದೆರಡು ದಿನದೊಳಗೆ ರೇಡಿಯೇಷನ್ ಆಗದಿದ್ದರೆ ಕಾಲು ಮರಳಿ ಬರುವುದು ಕಷ್ಟ. ಸುಮ್ಮನೆ ಅಲಂಕಾರಕ್ಕೆ ಅಂತ ಈ ಲಕ್ಷಣ ಬಳಸಬೇಡಿ.

ಈಗ ಗಂಜಿ. ಕೊನೆಯ ವಾರಗಳಲ್ಲಿ ದೇಹ ಊಟ ಕೇಳುವುದನ್ನು ಬಿಡುತ್ತೆ. ತಿನ್ನದ್ದರಿಂದ ಸಾಯುತ್ತಿರುವುದಲ್ಲ, ಸಾಯುತ್ತಿರುವುದರಿಂದ ತಿನ್ನುತ್ತಿಲ್ಲ. ಗಂಡನಿಗೆ ಇದು ಅರ್ಥವಾಗಲ್ಲ. ಒಂದೆಲಗದ ತಂಬುಳಿ, ನುಣ್ಣಗೆ ಬೆಂದ ಗಂಜಿ, ಸೋಸಿದ ಸಾರು, ಎಲ್ಲ ಮಾಡಿ ನೋಡುತ್ತಾನೆ. ಆಕೆ ಆತನಿಗೋಸ್ಕರ ಎರಡು ಚಮಚ ನುಂಗಿ ಆಮೇಲೆ ವಾಂತಿ ಮಾಡುತ್ತಾಳೆ. ಪೂರ್ತಿ ಎಚ್ಚರವಿಲ್ಲದವರಿಗೆ ಚಮಚದಲ್ಲಿ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತೆ, ಕೆಮ್ಮು, ಜ್ವರ, ಗೊರಗೊರ. ಅಂದರೆ ನಿಮ್ಮ ಈಗಿನ ಕೊನೆಯ ದೃಶ್ಯದಲ್ಲಿ ಗಂಡ ಆಕೆಗೆ ಉಸಿರು ಕಟ್ಟಿಸುತ್ತಿದ್ದಾನೆ. ಆತ ಚಮಚ ಕೆಳಗಿಡುವುದನ್ನು ಬರೆಯಿರಿ. ಅದರ ಬದಲು ಕೈಯಲ್ಲಿ ಉಳಿಯುವ ಕೆಲಸ ಬಾಯಿ ಒದ್ದೆ ಮಾಡುವುದು: ಬೆರಳಿಗೆ ತೆಳು ಬಟ್ಟೆ ಸುತ್ತಿ, ನೀರಲ್ಲಿ ಅದ್ದಿ ಹಿಂಡಿ, ಒಸಡು, ನಾಲಿಗೆ, ಕೆನ್ನೆಯ ಒಳಗೆ, ಎರಡು ಗಂಟೆಗೊಮ್ಮೆ. ತುಟಿಗೆ ಒಂದು ತೊಟ್ಟು ತೆಂಗಿನೆಣ್ಣೆ.

ಸಾವಿನ ಕೊನೆಯ ಒಂದೆರಡು ದಿನ: ಹೆಚ್ಚು ಹೊತ್ತು ನಿದ್ದೆ, ಮಾತಿಲ್ಲ, ಮೂತ್ರ ಕಡಿಮೆ ಮತ್ತು ಗಾಢ ಬಣ್ಣ, ಕಾಲು ತಣ್ಣಗೆ, ಮಂಡಿಯ ಮೇಲೆ ನೇರಳೆ ಮಚ್ಚೆ. ಉಸಿರು ಆಳವಾಗಿ, ಆಮೇಲೆ ಮೇಲೆ ಮೇಲೆ, ಆಮೇಲೆ ಇಪ್ಪತ್ತು ಮೂವತ್ತು ಸೆಕೆಂಡ್ ಇಲ್ಲವೇ ಇಲ್ಲ, ಮತ್ತೆ ಶುರು. ಗಂಡ ನಾಲ್ಕೈದು ಸಲ ಮುಗಿಯಿತು ಅಂದುಕೊಳ್ಳುತ್ತಾನೆ. ಗಂಟಲಲ್ಲಿ ಗೊರಗೊರ ಬಂದರೆ ಮಗ್ಗುಲು ಮಾಡಿದರೆ ತಗ್ಗುತ್ತೆ, ಮನೆಗೆ ಬರುವ ತಂಡ ಇದ್ದರೆ ಚರ್ಮದಡಿ ಒಂದು ಇಂಜೆಕ್ಷನ್. ಆ ಸದ್ದಿನಿಂದ ನೋಡುವವರಿಗೆ ಆಗುವಷ್ಟು ಸಂಕಟ ಸಾಮಾನ್ಯವಾಗಿ ರೋಗಿಗೆ ಆಗುವುದಿಲ್ಲ. ಮಾತು ನಿಂತರೂ ಕಿವಿ ಕೇಳುತ್ತಿರಬಹುದು, ಚಿಲಕ ಹಾಕಿದೆ ಅಂತ ಆತ ದಿನಾ ಹೇಳಲಿ.

ತುಂಗಾತೀರ:

ವಿಧಿಯ ಕಡೆಯಿಂದ ಕೆಲವು ಮಾತು. ಪದ್ಧತಿ ಮನೆಯಿಂದ ಮನೆಗೆ ಬೇರೆ, ನಿಮ್ಮ ಪಾತ್ರಗಳ ಮನೆಯ ಪುರೋಹಿತರಂಥವರನ್ನೇ ಒಮ್ಮೆ ಕೇಳಿ.

ತುಳಸಿ ನೀರನ್ನು ಉದ್ಧರಣೆಯಲ್ಲಿ ಬಾಯಿಗೆ ಬಿಡುವ ದೃಶ್ಯ ಎಲ್ಲರೂ ಬರೆಯುತ್ತಾರೆ. ದಾದಿಯವರು ಹೇಳಿದ್ದನ್ನು ನೋಡಿದರೆ ಅದೂ ಉಸಿರು ಕಟ್ಟಿಸುವುದೇ. ತುಳಸಿ ದಳವನ್ನು ನೀರಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರೆ ಶಾಸ್ತ್ರಕ್ಕೂ ಆಯಿತು, ಆಕೆಗೂ ಹಿತ. ಹಾಗೆಯೇ ಪ್ರಾಣ ಹೋಗುವ ಮೊದಲು ನೆಲಕ್ಕೆ ಇಳಿಸಬೇಕು ಅಂತ ನೆಂಟರು ಅವಸರ ಮಾಡುತ್ತಾರೆ. ಮೂಳೆ ನೋವಿನವರನ್ನು ನಾಲ್ಕು ಜನ ಎತ್ತಿ ಇಳಿಸುವುದು ಹಿಂಸೆ. ಒಂದೆರಡು ದಿನ ಮೊದಲೇ ಹಾಸಿಗೆಯನ್ನೇ ನೆಲದ ಮೇಲೆ ಮಾಡಿಬಿಟ್ಟರೆ ಆ ವಾದವೇ ಬರಲ್ಲ. ನಿಮ್ಮ ಗಂಡ ಅದನ್ನು ಮಾಡಲು ಹಿಂಜರಿಯುತ್ತಾನೆ, ಯಾಕೆಂದರೆ ನೆಲಕ್ಕೆ ಹಾಸಿದ ಕ್ಷಣ ಇಬ್ಬರೂ ಒಪ್ಪಿಕೊಂಡ ಹಾಗೆ.

ಆಕೆ ಮುತ್ತೈದೆಯಾಗಿ ಹೋಗುತ್ತಿದ್ದಾಳೆ ಅನ್ನುವುದನ್ನು ಮರೆಯಬೇಡಿ. ಆ ತಲೆಮಾರಿನವರು ದೇವರಲ್ಲಿ ಬೇಡಿಕೊಳ್ಳುತ್ತಿದ್ದುದೇ ಇದನ್ನು. ಊರ ಹೆಂಗಸರು "ಪುಣ್ಯವಂತೆ" ಅನ್ನುತ್ತಾರೆ, ಪಕ್ಕದಲ್ಲಿ ಗಂಡ ಕೂತಿರುತ್ತಾನೆ. ಹೊಸ ಸೀರೆ, ಹಸಿರು ಬಳೆ, ಹೂವು, ಅರಿಶಿನ ಕುಂಕುಮ, ಮದುಮಗಳ ಹಾಗೆ ಸಿಂಗಾರ. ದವಡೆ ಕಟ್ಟುವುದು, ಕೈಕಾಲು ನೇರ ಮಾಡುವುದು ತಡವಾಗಬಾರದು, ಎರಡು ಮೂರು ಗಂಟೆಯಲ್ಲಿ ಸೆಟೆಯಲು ಶುರುವಾಗುತ್ತೆ. ಮಗ ವಿಮಾನದಲ್ಲಿ ಬರುವವರೆಗೆ ಕಾಯುವುದಾದರೆ ಐಸ್ ಪೆಟ್ಟಿಗೆಯ ಏರ್ಪಾಡು ಬೇಕು, ಅದಕ್ಕೂ ಕರೆಂಟು ಬೇಕು.

ತಾಳಿಯ ಬಗ್ಗೆ ಒಂದು. ಎಂಆರ್‌ಐ ಕೋಣೆಗೆ ಯಾವ ಲೋಹವನ್ನೂ ಬಿಡಲ್ಲ. ತಾಳಿ, ಕಾಲುಂಗುರ, ಬಳೆ ಎಲ್ಲ ಬಿಚ್ಚಿ ಅಂತಾರೆ. 69ರ ಆಕೆ ಕುತ್ತಿಗೆ ಬರಿದು ಮಾಡಿಕೊಂಡು ಒಳಗೆ ಹೋಗಲ್ಲ. ಅದಕ್ಕೆ ಪರಿಹಾರ ಹಳೆಯದೇ: ಅರಿಶಿನದ ದಾರಕ್ಕೆ ಒಂದು ಅರಿಶಿನ ಕೊಂಬು. ಗೊತ್ತಿದ್ದವರು ಮನೆಯಿಂದಲೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಿರುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಟೋಕನ್ ನಂಬರ್ ಕೂಗುತ್ತಿರುವಾಗ, ಆತ ಎರಡನೇ ಸಲ ಕಟ್ಟಬೇಕು. ಮೂರು ಗಂಟು. ಬೆರಳು ನಡುಗಿ ಎರಡನೆಯದು ಸಡಿಲವಾದರೆ ಆಕೆಯೇ "ಬಿಗಿ ಮಾಡಿ" ಅನ್ನಲಿ.

ದಫ್ತರ:

ಕಾಗದಪತ್ರ. ಮನೆಯಲ್ಲಿ ಕಾಯಿಲೆಯಿಂದ ಆದ ಸಹಜ ಸಾವಿಗೆ ಪೊಲೀಸೂ ಬೇಡ, ಪೋಸ್ಟ್‌ಮಾರ್ಟಂ ಕೂಡ ಬೇಡ. ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣ ಬರೆಯುವುದು ನಮೂನೆ 4ಎಯಲ್ಲಿ. 21 ದಿನದೊಳಗೆ ನೋಂದಣಿ ಆಗಬೇಕು. 2016ರಲ್ಲಿ ಹಳ್ಳಿಯಾದರೆ ಗ್ರಾಮಲೆಕ್ಕಿಗರ ಹತ್ತಿರ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ರೋಗಿ ಮೊದಲೇ ಬರೆದಿಡುವ ಪತ್ರ, ಲಿವಿಂಗ್ ವಿಲ್ ಗಿವಿಂಗ್ ವಿಲ್ ಅಂತ ಸೇರಿಸಲು ಹೋಗಬೇಡಿ. ಸುಪ್ರೀಂ ಕೋರ್ಟು ಅದನ್ನು ಒಪ್ಪಿದ್ದು 2018ರ ಮಾರ್ಚ್‌ನಲ್ಲಿ. ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ, ಜೊತೆಗೆ ಇಬ್ಬರು ಸಾಕ್ಷಿ ಸಾಕು ಅಂತ ಸರಳವಾಗಿದ್ದು 2023ರಲ್ಲಿ. ಕಥೆಯನ್ನು ಈಚೆಗೆ ತಂದರೆ ಆ ಅವಕಾಶ ಇದೆ. ಆದರೆ ನನ್ನ ಕೇಳಿದರೆ 2016 ಬಿಡಬೇಡಿ. ಕಾರಣ ಇಲ್ಲ ಅಂದಿರಿ, ದೊಡ್ಡ ಕಾರಣವೇ ಇದೆ. ಅಕ್ಟೋಬರಿನಲ್ಲಿ ಆಕೆ ಹೋಗುತ್ತಾಳೆ. ನವೆಂಬರ್ ಬಂತು ಅಂದರೆ ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಜೀವಿತ ಪ್ರಮಾಣಪತ್ರ ಕೊಡಬೇಕು. ಪಿಂಚಣಿ ಕಾಗದದಲ್ಲಿ ಗಂಡ ಹೆಂಡತಿಯ ಜಂಟಿ ಫೋಟೋ ಇರುತ್ತೆ, ಅದನ್ನು ಕೈಯಲ್ಲಿ ಹಿಡಿದು ಹೋಗುತ್ತಾನೆ. ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದು. ಇನ್ನು ಯೋಚಿಸಿ.

ಪ್ರೂಫ್_ತಿದ್ದುವವ:

ದಫ್ತರದವರೇ, ಇದನ್ನು ನಾನು ಹೇಳಬೇಕಿತ್ತು!

ಸಾವನ್ನು 232ರಿಂದ 180ರ ಆಸುಪಾಸಿಗೆ ತನ್ನಿ. ಹಿಂದಿನ ನೆನಪುಗಳಲ್ಲಿ, ಮದುವೆಯ ದಿಬ್ಬಣ ಗಿಬ್ಬಣ, ಐವತ್ತು ಪುಟ ಹೋದರೂ ನಷ್ಟವಿಲ್ಲ. ಉಳಿದ ಅರವತ್ತು ಪುಟದಲ್ಲಿ ಆತ ಒಬ್ಬನೇ. ಗುಳಿಗೆಗೆ ಅಂತ ಇಟ್ಟ ಮೊಬೈಲ್ ಅಲಾರಂ ಮಧ್ಯಾಹ್ನ 2ಕ್ಕೆ ಹೊಡೆಯುತ್ತಲೇ ಇರುತ್ತೆ, ನಿಲ್ಲಿಸುವುದು ಹೇಗೆ ಅಂತ ಆತನಿಗೆ ಗೊತ್ತಿಲ್ಲ, ಇಟ್ಟುಕೊಟ್ಟವನು ಪಕ್ಕದ ಮನೆ ಹುಡುಗ. ಉಳಿದ ಮಾರ್ಫಿನ್ ಮನೆಯಲ್ಲಿ ಇಡುವ ಹಾಗಿಲ್ಲ, ಅಲ್ವಾ ದಾದಿಯವರೇ?

ಉಪಶಮನ_ದಾದಿ:

ಇಡಬಾರದು. ಎಣಿಸಿ, ಕೊಟ್ಟ ಆಸ್ಪತ್ರೆಗೇ ವಾಪಸ್. ಪುಸ್ತಕವನ್ನೂ ತೋರಿಸಬಹುದು, ಆದರೆ ಪುಸ್ತಕ ಅವರು ಇಟ್ಟುಕೊಳ್ಳಲ್ಲ.

ಪ್ರೂಫ್_ತಿದ್ದುವವ:

ಸರಿ. ಹಾಗಾದರೆ ಆತ ಇನ್ನೊಮ್ಮೆ ಆಗುಂಬೆ ಇಳಿಯುತ್ತಾನೆ, ಈ ಸಲ ಬಸ್ಸಿನಲ್ಲಿ.

ಆಮೇಲೆ ಅಡುಗೆಮನೆ. ಸಾಸಿವೆ ಡಬ್ಬಿಯ ತಳದಲ್ಲಿ ಆಕೆ ಕೂಡಿಟ್ಟ ದುಡ್ಡು ಸಿಗಬೇಕು, ಎಲ್ಲ ಐನೂರರ ನೋಟು, ಅದೂ ನವೆಂಬರ್ 8ರ ನಂತರ. ಹಾಲು, ಅಡಿಕೆ ಸುಲಿತದ ಲೆಕ್ಕದಲ್ಲಿ ಉಳಿಸಿದ್ದು ಅಂತ ಇರಲಿ, ಮೊತ್ತ ದೊಡ್ಡದು ಬೇಡ, ಹದಿನಾಲ್ಕು ಹದಿನೈದು ಸಾವಿರ. ಕೌಂಟರಿನಲ್ಲಿ ಬದಲಾಯಿಸಿಕೊಳ್ಳುವುದು ಮೊದಲು 4000ದವರೆಗೆ, ನವೆಂಬರ್ 24ಕ್ಕೆ ಅದೂ ನಿಂತಿತು, ಖಾತೆಗೆ ಹಾಕಲು ಡಿಸೆಂಬರ್ 30ರವರೆಗೆ ಗಡುವು. ಪೋಸ್ಟ್ ಆಫೀಸಿನಲ್ಲೂ ಹಾಕಬಹುದಿತ್ತು. ಅಂದರೆ ತಾನೇ ಕೂತಿದ್ದ ಕಚೇರಿಯ ಈಚೆ ಬದಿಯಲ್ಲಿ ಆತ ಸರದಿಯಲ್ಲಿ ನಿಲ್ಲುತ್ತಾನೆ, ಸಾಸಿವೆ ವಾಸನೆಯ ನೋಟು ಹಿಡಿದುಕೊಂಡು. ಹಾಕುತ್ತಾನೋ, ಗಡುವು ಮುಗಿಯಲು ಬಿಟ್ಟು ಡಬ್ಬಿಯನ್ನು ಹಾಗೇ ಮುಚ್ಚುತ್ತಾನೋ, ಅದು ನೀವೇ ನಿರ್ಧರಿಸಬೇಕಾದ್ದು. ನಾಲ್ಕನೇ ಕರಡಿನಲ್ಲಿ ಆ ದೃಶ್ಯ ಮೊದಲು ಬರೆದು ಇಲ್ಲಿ ಹಾಕಿ.

ಮೂರನೇ_ಕರಡು:

ಗುಳಿಗೆಯ ಪುಸ್ತಕದ ಪುಟಗಳನ್ನು ಮೊದಲು ಬರೆಯುತ್ತಿದ್ದೇನೆ, ಗೆರೆ ಎಳೆದು ಜೂನ್‌ನಿಂದ. ದಾದಿಯವರಿಗೆ ಒಂದೇ ಪ್ರಶ್ನೆ: ಪ್ರಮಾಣ ಏರಿಸಿದ ದಿನ ಉಳಿಕೆಯ ಲೆಕ್ಕ ಹೇಗೆ ಬರೆಯುತ್ತಾರೆ, ಹೊಸ ಪುಟವಾ?

ಉಪಶಮನ_ದಾದಿ:

ಅದೇ ಪುಟ. ಕೆಳಗೆ ಅಡ್ಡಗೆರೆ, ಪಕ್ಕದಲ್ಲಿ "ಇಂದಿನಿಂದ ಒಂದೂವರೆ". ಗುಳಿಗೆ ಮುರಿದು ಕೊಡುವುದರಿಂದ ಉಳಿಕೆಯಲ್ಲಿ ಅರ್ಧ ಬರುತ್ತೆ. ನಿಮ್ಮ ಪೋಸ್ಟ್‌ಮಾಸ್ಟರಿಗೆ ಆ ಅರ್ಧ ಸಹಿಸಲಾಗುವುದಿಲ್ಲ.